ಚಳಿ ಒಂದು ಪಾಲು, ಗಾಳಿ ಮೂರು ಪಾಲು: ಮೈನಸ್ ಹವೆಯಲ್ಲಿ ಹೊರಗೆ ಕೆಲಸ ಮಾಡುವವರಿಗೆ ಮಾರ್ಗದರ್ಶಿ

ಕೆನಡಾಗೆ ಹೊಸದಾಗಿ ಬಂದ ನಮ್ಮವರು ಮೊದಲ ಚಳಿಗಾಲದಲ್ಲಿ ಫೋನ್ ತೆಗೆದು ಒಂದೇ ಅಂಕಿ ನೋಡುತ್ತಾರೆ. ಮೈನಸ್ 10, ಮೈನಸ್ 20. ಅದರ ಕೆಳಗೇ ಗಾಳಿಯ ವೇಗವೂ ಇರುತ್ತದೆ. ಅದರ ಕಡೆ ಕಣ್ಣು ಹೋಗುವುದಿಲ್ಲ. ನಾನು ವಿನಿಪೆಗ್‌ನಲ್ಲಿ ಕಟ್ಟಡದ ಸೈಟ್‌ಗಳಲ್ಲಿ ಕೆಲಸ ಮಾಡುವವನು. ಇಲ್ಲಿ ಜನವರಿಯ ರಾತ್ರಿ ಅಂದರೆ ಸರಾಸರಿ ಮೈನಸ್ 20ರ ಆಸುಪಾಸು. ಸುತ್ತ ಬಟಾಬಯಲು. ಬೀಸುವ ಗಾಳಿಗೆ ಅಡ್ಡ ಅಂತ ಏನೂ ಇಲ್ಲ.

ಇಲ್ಲಿ ಸೆಕ್ಯುರಿಟಿ ಗಾರ್ಡ್, ಡೆಲಿವರಿ, ಹಿಮ ಎತ್ತುವ ಕೆಲಸ, ವಿಮಾನ ನಿಲ್ದಾಣದಲ್ಲಿ ಲಗೇಜ್ ಸಾಗಿಸುವ ಕೆಲಸ, ಕಟ್ಟಡ ಕೆಲಸ, ಹೀಗೆ ಹೊರಗೆ ನಿಲ್ಲಬೇಕಾದ ಕಡೆಗಳಲ್ಲೆಲ್ಲ ಕನ್ನಡದ ಹುಡುಗ ಹುಡುಗಿಯರು ಸಿಗುತ್ತಾರೆ. ಓದಲು ಬಂದು ಪಾರ್ಟ್ ಟೈಮ್ ಮಾಡುವವರೇ ಜಾಸ್ತಿ. ಬೆಂಗಳೂರಿನಲ್ಲಿ 14 ಡಿಗ್ರಿಗೆ ಸ್ವೆಟರ್ ಹಾಕಿಕೊಂಡು ಬೆಳೆದವರಿಗೆ ಇದು ಬೇರೆಯೇ ಲೋಕ. ಈ ಲೇಖನ ಅವರಿಗಾಗಿ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿ ಮೊದಲು ಕೈಹಾಕುವುದು ನಿಮ್ಮ ಬೆರಳಿಗೆ ಮತ್ತು ಬುದ್ಧಿಗೆ. ಬೆರಳು ಮರಗಟ್ಟಿದ ಮೇಲೆ ಜಿಪ್ ಎಳೆಯಲು ಆಗುವುದಿಲ್ಲ. ತಲೆ ಮಂಕಾದ ಮೇಲೆ 'ಒಳಗೆ ಹೋಗಬೇಕು' ಅಂತ ಹೊಳೆಯುವುದೇ ಇಲ್ಲ. ಆದ್ದರಿಂದ ಏನು ಹಾಕಿಕೊಳ್ಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಕೆಲಸ ಬಿಡಬೇಕು ಎಂಬ ನಿರ್ಧಾರಗಳೆಲ್ಲ ಮನೆಯೊಳಗೆ, ಬೆಚ್ಚಗೆ ಇರುವಾಗಲೇ ಆಗಿರಬೇಕು.

ಹೆಜ್ಜೆ 1: ಹೊರಡುವ ಮೊದಲು ಗಾಳಿಯ ಲೆಕ್ಕ ನೋಡಿ

ನಮ್ಮ ಮೈ ಚರ್ಮದ ಸುತ್ತ ಒಂದು ತೆಳು ಪದರದಷ್ಟು ಗಾಳಿಯನ್ನು ಸದಾ ಬಿಸಿ ಮಾಡಿ ಇಟ್ಟುಕೊಂಡಿರುತ್ತದೆ. ಗಾಳಿ ಬೀಸಿದರೆ ಆ ಪದರ ಹಾರಿಹೋಗುತ್ತದೆ. ಮೈ ಮತ್ತೆ ಬಿಸಿ ಮಾಡುತ್ತದೆ, ಮತ್ತೆ ಹಾರಿಹೋಗುತ್ತದೆ. ಬಸಿಗೆ ಸುರಿದ ಕಾಫಿಯನ್ನು ಊದಿ ಊದಿ ಆರಿಸುತ್ತೇವಲ್ಲ, ಹಾಗೆ. ಇದನ್ನು ಒಂದು ಅಂಕಿಯಲ್ಲಿ ಹೇಳುವುದೇ ವಿಂಡ್ ಚಿಲ್. ಈಗ ಕೆನಡಾ ಮತ್ತು ಅಮೆರಿಕ ಬಳಸುವ ಸೂತ್ರ 2001ರಲ್ಲಿ ಜಾರಿಗೆ ಬಂತು. ಅದಕ್ಕಾಗಿ ಟೊರಾಂಟೊದಲ್ಲಿ ತಣ್ಣನೆಯ ಗಾಳಿಸುರಂಗದೊಳಗೆ ಸ್ವಯಂಸೇವಕರನ್ನು ನಡೆಸಿ, ಅವರ ಮುಖದ ಚರ್ಮ ಎಷ್ಟು ಬೇಗ ತಣ್ಣಗಾಗುತ್ತದೆ ಅಂತ ಅಳೆದಿದ್ದರು.

ಲೆಕ್ಕ ಹೀಗಿದೆ. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ ಚರ್ಮದ ಪಾಲಿಗೆ ಅದು ಮೈನಸ್ 20. ಮೈನಸ್ 20ಕ್ಕೆ ಅದೇ ಗಾಳಿ ಸೇರಿದರೆ ಮೈನಸ್ 33. ಮೈನಸ್ 25 ಇದ್ದರೆ ಮೈನಸ್ 39. ಗಂಟೆಗೆ 30 ಕಿಲೋಮೀಟರ್ ಅಂದರೆ ಇಲ್ಲಿ ಬಿರುಗಾಳಿ ಏನಲ್ಲ, ದಿನಾ ಬೀಸುವ ಗಾಳಿ.

ಈ ಅಂಕಿಗಳಿಗೆ ಅರ್ಥ ಬರುವುದು ಚರ್ಮ ಹೆಪ್ಪುಗಟ್ಟಲು ಬೇಕಾದ ಸಮಯವನ್ನು ಪಕ್ಕದಲ್ಲಿಟ್ಟು ನೋಡಿದಾಗ. ಕೆನಡಾ ಹವಾಮಾನ ಇಲಾಖೆ ಹೇಳುವ ಪ್ರಕಾರ:

- ವಿಂಡ್ ಚಿಲ್ ಮೈನಸ್ 28ರಿಂದ 39: ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು
- ಮೈನಸ್ 40ರಿಂದ 47: 5ರಿಂದ 10 ನಿಮಿಷ
- ಮೈನಸ್ 48ರಿಂದ 54: 2ರಿಂದ 5 ನಿಮಿಷ
- ಮೈನಸ್ 55 ಮತ್ತು ಅದಕ್ಕಿಂತ ಕೆಳಗೆ: 2 ನಿಮಿಷದೊಳಗೆ

ಮೈನಸ್ 28 ಅನ್ನುವ ಅಂಕಿ ಒಂದನ್ನಾದರೂ ಬಾಯಿಪಾಠ ಮಾಡಿಟ್ಟುಕೊಳ್ಳಿ. ಅಲ್ಲಿಂದ ಕೆಳಗೆ ಮುಖವನ್ನು ತೆರೆದು ನಿಲ್ಲುವಂತಿಲ್ಲ.

ಇನ್ನೊಂದು ವಿಷಯ. ಹವಾಮಾನ ಕೇಂದ್ರದವರು ಗಾಳಿಯನ್ನು ಬಯಲಲ್ಲಿ, 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ನೀವು ಏಳನೇ ಮಹಡಿಯ ತಾರಸಿ ಮೇಲಿದ್ದರೆ ಅದಕ್ಕಿಂತ ಜಾಸ್ತಿ ಗಾಳಿ ಇರುತ್ತದೆ. ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿ ನಿಂತ ಗಾರ್ಡ್‌ಗೂ ಅಷ್ಟೇ. ಇ-ಬೈಕ್‌ನಲ್ಲಿ ಊಟ ತಲುಪಿಸುವವರು ತಮ್ಮ ಗಾಳಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ಮರದ ಎಲೆ ಅಲ್ಲಾಡದ ದಿನವೂ ಮೈನಸ್ 15ರಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ನಿಮ್ಮ ಮುಖಕ್ಕೆ ತಗಲುವುದು ಮೈನಸ್ 25ರ ಚಳಿ.

ಹಾಗಂತ ಸೊನ್ನೆಗಿಂತ ಮೇಲಿದ್ದರೆ ಭಯವಿಲ್ಲ ಅಂದುಕೊಳ್ಳಬೇಡಿ. ಚರ್ಮ ಹೆಪ್ಪುಗಟ್ಟಲು ಹವೆ ಸೊನ್ನೆಗಿಂತ ಕೆಳಗಿರಬೇಕು, ನಿಜ. ಆದರೆ ಇಡೀ ಮೈಯ ಶಾಖ ಇಳಿದುಹೋಗುವ ಹೈಪೋಥರ್ಮಿಯಾ ಪ್ಲಸ್ 5ರಲ್ಲೂ ಆಗುತ್ತದೆ. ಮಳೆ ಬಂದು ಬಟ್ಟೆ ನೆನೆದು ಮೇಲೆ ಗಾಳಿ ಬೀಸಿದರೆ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ವ್ಯಾಂಕೂವರ್, ಹ್ಯಾಲಿಫ್ಯಾಕ್ಸ್ ಕಡೆ ಇರುವವರು 'ನಮ್ಮಲ್ಲಿ ಅಷ್ಟೇನೂ ಚಳಿ ಇಲ್ಲ' ಅಂತ ಅನ್ನುತ್ತಾರೆ. ಅವರಿಗೆ ಈ ಮಾತು ಹೆಚ್ಚು ಬೇಕು.

ಹೆಜ್ಜೆ 2: ಎಷ್ಟು ಹೊತ್ತು ಕೆಲಸ, ಎಷ್ಟು ಸಲ ಒಳಗೆ

ಸಸ್ಕ್ಯಾಚೆವಾನ್ ಪ್ರಾಂತ್ಯದ ಕಾರ್ಮಿಕ ಇಲಾಖೆ ಸಿದ್ಧಪಡಿಸಿದ ಒಂದು ಪಟ್ಟಿ ಇದೆ. ಸುರಕ್ಷತೆಯ ಕೆಲಸದಲ್ಲಿರುವವರು ಬೇರೆ ಕಡೆಯೂ ಅದನ್ನೇ ಬಳಸುತ್ತಾರೆ. ಸರಿಯಾದ ಒಣ ಬಟ್ಟೆ ಹಾಕಿಕೊಂಡು, ಮೈ ಬಗ್ಗಿಸಿ ಕೆಲಸ ಮಾಡುವವರಿಗೆ, ನಾಲ್ಕು ಗಂಟೆಯ ಪಾಳಿಗೆ ಅಂತ ಮಾಡಿದ ಲೆಕ್ಕ ಅದು.

ಅದರ ಪ್ರಕಾರ ಮೈನಸ್ 26ರಿಂದ 28ರಲ್ಲಿ ಗಾಳಿ ಇಲ್ಲದಿದ್ದರೆ ಮಾಮೂಲಿ ಬ್ರೇಕ್ ಸಾಕು. ಅದೇ ಚಳಿಗೆ ಗಂಟೆಗೆ 16 ಕಿಲೋಮೀಟರ್ ಗಾಳಿ ಸೇರಿದರೆ ಒಂದೇ ಸಮನೆ 75 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. 32 ಕಿಲೋಮೀಟರ್ ಆದರೆ 40 ನಿಮಿಷಕ್ಕೊಮ್ಮೆ ಒಳಗೆ ಹೋಗಬೇಕು. ಮೈನಸ್ 32ರಿಂದ 34ರಲ್ಲಿ ಅಷ್ಟೇ ಗಾಳಿ ಇದ್ದರೆ ತುರ್ತು ಅಲ್ಲದ ಕೆಲಸವನ್ನು ನಿಲ್ಲಿಸಬೇಕು. ಮೈನಸ್ 43 ದಾಟಿದರೆ ಗಾಳಿ ಇರಲಿ ಬಿಡಲಿ, ಕೆಲಸ ಬಂದ್. ಪ್ರತಿ ಬ್ರೇಕ್ ಅಂದರೆ ಬೆಚ್ಚಗಿನ ಜಾಗದಲ್ಲಿ 10 ನಿಮಿಷ.

ನಿಂತೇ ಇರುವ ಕೆಲಸದವರು, ಅಂದರೆ ಗೇಟ್ ಕಾಯುವವರು, ರಸ್ತೆಯಲ್ಲಿ ಬಾವುಟ ಹಿಡಿಯುವವರು, ಈ ಸಮಯವನ್ನೂ ಕಡಿಮೆ ಮಾಡಿಕೊಳ್ಳಬೇಕು. ಹಿಮ ತೋಡುವವನ ಮೈ ತನ್ನಷ್ಟಕ್ಕೆ ಬಿಸಿ ಹುಟ್ಟಿಸುತ್ತದೆ. ನಿಂತವರದು ಹುಟ್ಟಿಸುವುದಿಲ್ಲ. ನನ್ನ ಪ್ರಕಾರ ಸೈಟಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಅವರೇ. ಎಲ್ಲರಿಗಿಂತ ಕಡಿಮೆ ಗಮನ ಸಿಗುವುದೂ ಅವರಿಗೇ.

ಕೇಳಲು ಸಂಕೋಚ ಬೇಡ. ಕೆನಡಾದಲ್ಲಿ ಕೆಲಸಗಾರರಿಗೆ ಅಪಾಯದ ಬಗ್ಗೆ ತಿಳಿದುಕೊಳ್ಳುವ ಹಕ್ಕಿದೆ, ಸುರಕ್ಷತೆಯ ವಿಷಯದಲ್ಲಿ ಮಾತಾಡುವ ಹಕ್ಕಿದೆ, ಅಪಾಯಕಾರಿ ಕೆಲಸವನ್ನು ನಿರಾಕರಿಸುವ ಹಕ್ಕೂ ಇದೆ. ಸ್ಟಡಿ ಪರ್ಮಿಟ್‌ನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೂ, ವರ್ಕ್ ಪರ್ಮಿಟ್‌ನವರಿಗೂ ಇದು ಅನ್ವಯಿಸುತ್ತದೆ. 'ಹೊಸಬ, ಈಗಲೇ ತಕರಾರು ಮಾಡಿದರೆ ಏನಂದುಕೊಳ್ಳುತ್ತಾರೋ' ಅಂತ ನಮ್ಮವರು ಸುಮ್ನೆ ನಿಂತುಬಿಡುತ್ತಾರೆ. ಸೂಪರ್‌ವೈಸರ್ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ: ಬೆಚ್ಚಗಾಗುವ ಜಾಗ ಎಲ್ಲಿದೆ? ಇವತ್ತು ಎಷ್ಟು ಹೊತ್ತಿಗೊಮ್ಮೆ ಬ್ರೇಕ್? ಒಳ್ಳೆಯ ಸೂಪರ್‌ವೈಸರ್‌ಗೆ ಈ ಪ್ರಶ್ನೆಯಿಂದ ಖುಷಿಯೇ ಆಗುತ್ತದೆ.

ಆ್ಯಪ್ ಮೂಲಕ ಡೆಲಿವರಿ ಮಾಡುವವರಿಗೆ ಹೀಗೆ ಕೇಳಲು ಮುಂದೆ ಯಾರೂ ಇರುವುದಿಲ್ಲ. ಆರ್ಡರ್ ಬರುತ್ತಲೇ ಇರುತ್ತದೆ, ಚಳಿ ಜಾಸ್ತಿ ಆದಷ್ಟೂ ಆರ್ಡರ್ ಜಾಸ್ತಿ. ಆದ್ದರಿಂದ 'ವಿಂಡ್ ಚಿಲ್ ಇಷ್ಟಕ್ಕೆ ಇಳಿದರೆ ಇವತ್ತು ಬೈಕ್ ಹತ್ತುವುದಿಲ್ಲ' ಅಂತ ಒಂದು ಗೆರೆ ನೀವೇ ಎಳೆದುಕೊಳ್ಳಿ. ಆ ಗೆರೆಯನ್ನು ಮನೆಯಲ್ಲಿ ಕೂತು ಎಳೆಯಿರಿ, ದಾರಿಯ ಮಧ್ಯದಲ್ಲಿ ಅಲ್ಲ.

ಹೆಜ್ಜೆ 3: ಬಟ್ಟೆ. ದಪ್ಪ ಒಂದಲ್ಲ, ತೆಳು ಮೂರು

ಊರಿಂದ ಹೊರಡುವಾಗ ಅಮ್ಮಂದಿರು ಒಂದು ದೊಡ್ಡ ಜಾಕೆಟ್ ಕೊಡಿಸಿ ಕಳಿಸುತ್ತಾರೆ. ಅದರ ಒಳಗೆ ಹತ್ತಿಯ ಬನಿಯನ್, ಹತ್ತಿಯ ಟೀಶರ್ಟ್, ಕೆಳಗೆ ಜೀನ್ಸ್. ಇದು ಇಲ್ಲಿ ನಡೆಯುವುದಿಲ್ಲ. ಹತ್ತಿ ಬೆವರನ್ನು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ. ಕೆಲಸ ಮಾಡುವಾಗ ಬೆವರುತ್ತೀರಿ. ನಿಂತ ತಕ್ಷಣ ಆ ಒದ್ದೆ ಬನಿಯನ್ ಬೆನ್ನಿಗೆ ಅಂಟಿ ಐಸಿನ ಹಾಗೆ ಕೊರೆಯುತ್ತದೆ. ನಮ್ಮ ಊರಿನ ಸೆಕೆಗೆ, ಬಿಸಿಲಿಗೆ ಹತ್ತಿಯಷ್ಟು ಒಳ್ಳೆಯ ಬಟ್ಟೆ ಇಲ್ಲ. ಇಲ್ಲಿನ ಹೊರಗಿನ ಕೆಲಸಕ್ಕೆ ಅದು ಶತ್ರು.

ಮೈಗೆ ತಾಗುವ ಮೊದಲ ಪದರ ಉಣ್ಣೆ ಅಥವಾ ಪಾಲಿಯೆಸ್ಟರ್‌ನ ಥರ್ಮಲ್ ಆಗಿರಲಿ. ಅಂಗಿ, ಕಾಲಿನ ಉದ್ದ ಪ್ಯಾಂಟ್ ಎರಡೂ. ಅದು ಬೆವರನ್ನು ಚರ್ಮದಿಂದ ಆಚೆ ಸಾಗಿಸುತ್ತದೆ. ಎರಡನೆಯದು ಶಾಖ ಹಿಡಿದಿಡುವ ಪದರ: ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಮೂರನೆಯದು ಗಾಳಿ ತಡೆಯುವ ಹೊರಪದರ. ಗಾಳಿ ಇರುವ ದಿನ ಈ ಮೂರನೆಯದೇ ಎಲ್ಲ. ಎಷ್ಟೇ ದಪ್ಪ ಸ್ವೆಟರ್ ಇದ್ದರೂ ಹೊರಗಿನ ಬಟ್ಟೆಯ ನೇಯ್ಗೆಯೊಳಗಿಂದ ಗಾಳಿ ನುಗ್ಗಿದರೆ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಆಚೆ ಕಡೆ ಅಂಗೈ ಇಡಿ. ಉಸಿರು ತಾಗಿದರೆ ಗಾಳಿಯೂ ಒಳಗೆ ಬರುತ್ತದೆ.

ಸೊಂಟ, ಮಣಿಕಟ್ಟು, ಕುತ್ತಿಗೆ. ಗಾಳಿ ನುಗ್ಗುವುದು ಈ ಮೂರು ಕಡೆ. ಬಗ್ಗಿದಾಗ ಜಾಕೆಟ್ ಮೇಲೆದ್ದು ಬೆನ್ನು ಕಾಣುವಂತಿದ್ದರೆ ಅದು ಕೆಲಸದ ಜಾಕೆಟ್ ಅಲ್ಲ. ಕುತ್ತಿಗೆಗೆ ಉದ್ದನೆಯ ಮಫ್ಲರ್ ಬೇಡ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ತಲೆಯಿಂದ ಎಳೆದುಕೊಳ್ಳುವ ಕೊಳವೆಯಂಥ ನೆಕ್ ವಾರ್ಮರ್ ತಗೊಳ್ಳಿ.

ಕೆಲಸ ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಅನ್ನಿಸಿದರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ. ಬೆವರು ಬರುವ ಮೊದಲೇ ಜಿಪ್ ಇಳಿಸಿ, ನಿಂತ ಕೂಡಲೇ ಮೇಲೆಳೆಯಿರಿ. ಇಲ್ಲಿನ ಹಳೇ ಕೆಲಸಗಾರರನ್ನು ಗಮನಿಸಿ. ಅವರು ದಿನವಿಡೀ ಜಿಪ್ ಏರಿಸುತ್ತ ಇಳಿಸುತ್ತಲೇ ಇರುತ್ತಾರೆ. ಬ್ಯಾಗಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ, ಒಣ ಕೈಗವಸು, ಒಂದು ಥರ್ಮಲ್ ಅಂಗಿ ಇರಲೇಬೇಕು.

ಹೆಜ್ಜೆ 4: ಕೈ, ಕಾಲು, ಮುಖ

ಚಳಿಯಾದಾಗ ಮೈ ಹೃದಯ, ಶ್ವಾಸಕೋಶ, ಮಿದುಳುಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೆರಳು, ಮೂಗು, ಕಿವಿ, ಕೆನ್ನೆಗಳಿಗೆ ರಕ್ತ ಕಡಿಮೆಯಾಗುತ್ತದೆ. ಫ್ರಾಸ್ಟ್‌ಬೈಟ್, ಅಂದರೆ ಚರ್ಮ ಹೆಪ್ಪುಗಟ್ಟುವುದು, ಶುರುವಾಗುವುದೂ ಅಲ್ಲೇ.

ಕೈಗೆ ಬೆರಳು ಬಿಡಿಬಿಡಿಯಾದ ಗವಸಿಗಿಂತ ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ಮಿಟನ್ ಬೆಚ್ಚಗೆ. ಮೈನಸ್ 17, 18 ದಾಟಿದ ಮೇಲೆ ಮಿಟನ್ನೇ ಸರಿ. ಸಣ್ಣ ಕೆಲಸ ಇದ್ದರೆ ಒಳಗೆ ತೆಳು ಗವಸು, ಮೇಲೆ ಮಿಟನ್. ಸ್ಕ್ರೂ ಹಿಡಿಯುವಾಗ ಮಿಟನ್ ಮಾತ್ರ ತೆಗೆಯಿರಿ, ಬರಿಗೈ ಮಾಡಬೇಡಿ. ಗಾಳಿಗೆ ಹಾರದಂತೆ ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳಿ. ಕೈ ಬಿಸಿ ಮಾಡುವ ಪುಟ್ಟ ಪ್ಯಾಕೆಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಚರ್ಮಕ್ಕೆ ನೇರ ಒತ್ತಿಕೊಳ್ಳಬೇಡಿ, ಮಧ್ಯೆ ಒಂದು ಪದರ ಬಟ್ಟೆ ಇರಲಿ.

ಬೂಟು ಬಿಗಿ ಇರಬಾರದು. ಇದು ತುಂಬ ಜನ ಎಡವುವ ಜಾಗ. ಚಳಿ ಅಂತ ಮೂರು ಜೊತೆ ಕಾಲುಚೀಲ ತುರುಕಿ ಬೂಟು ಹಾಕಿದರೆ ರಕ್ತ ಓಡುವುದಿಲ್ಲ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಳಗೆ ಕಾಲ್ಬೆರಳು ಆಡಿಸಲು ಬರಬೇಕು. ಚಳಿಗಾಲದ ಬೂಟನ್ನು ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ ಕೊಳ್ಳಿ. ಸೈಟ್ ಕೆಲಸಕ್ಕೆ ಸಿಎಸ್ಎ (ಕೆನಡಾದ ಗುಣಮಟ್ಟ ಸಂಸ್ಥೆ) ಹಸಿರು ತ್ರಿಕೋನ ಗುರುತಿನ ಬೂಟು ಕೇಳುತ್ತಾರೆ. ಅದರಲ್ಲೂ ಬೆರಳ ಮೇಲೆ ಉಕ್ಕಿನ ಬದಲು ಲೋಹವಲ್ಲದ ಗಟ್ಟಿ ಕಾಂಪೋಸಿಟ್ ಇರುವುದನ್ನು ಆರಿಸಿ. ಉಕ್ಕು ಚಳಿಯನ್ನು ಸೀದಾ ಒಳಗೆ ದಾಟಿಸುತ್ತದೆ. ಹೊತ್ತುಗಟ್ಟಲೆ ಕಾಂಕ್ರೀಟ್ ಮೇಲೆ ನಿಲ್ಲಬೇಕಾದರೆ ಕಾಲಡಿ ಒಂದು ರಬ್ಬರ್ ಮ್ಯಾಟೋ, ಹಲಗೆ ತುಂಡೋ ಹಾಕಿಕೊಳ್ಳಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಈಗ ನಮ್ಮವರಿಗೇ ಅಂತ ಒಂದೆರಡು ಮಾತು. ಉಂಗುರ, ಕಾಲುಂಗುರ, ಮೂಗುಬೊಟ್ಟು, ದೊಡ್ಡ ಓಲೆ. ಲೋಹ ಬೇಗ ತಣ್ಣಗಾಗುತ್ತದೆ, ತಾಗಿದ ಚರ್ಮವನ್ನೂ ತಣ್ಣಗೆ ಮಾಡುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಮುಂದಿದೆ. ಫ್ರಾಸ್ಟ್‌ಬೈಟ್ ಆದ ಬೆರಳು ಕರಗುವಾಗ ಊದಿಕೊಳ್ಳುತ್ತದೆ. ಆಗ ಉಂಗುರ ಹೊರಗೆ ಬರುವುದಿಲ್ಲ, ರಕ್ತ ಓಡುವ ದಾರಿಯನ್ನೇ ಕಟ್ಟಿಹಾಕುತ್ತದೆ. ಪಾಳಿಗೆ ಹೊರಡುವ ಮೊದಲು ಕಾಲುಂಗುರ ತೆಗೆದು ದೇವರ ಮುಂದೆ ಇಟ್ಟು ಹೋಗಿ ಅಕ್ಕ. ಯಾರೂ ತಪ್ಪು ತಿಳಿಯುವುದಿಲ್ಲ.

ಎರಡನೆಯದು ಎಣ್ಣೆ. ಮುಖಕ್ಕೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ದಪ್ಪಗೆ ಬಳಿದರೆ ಚಳಿ ತಾಗಲ್ಲ ಅನ್ನುವ ನಂಬಿಕೆ ಇದೆ. ಚರ್ಮ ಒಡೆಯದಿರಲು ರಾತ್ರಿ ಹಚ್ಚಿ, ಒಳ್ಳೆಯದು. ಫ್ರಾಸ್ಟ್‌ಬೈಟ್ ತಡೆಯಲು ಅದನ್ನು ನಂಬಬೇಡಿ. ಫಿನ್ಲೆಂಡ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ಇಂಥ ಕ್ರೀಮುಗಳಿಂದ ರಕ್ಷಣೆ ಸಿಗಲಿಲ್ಲ. 'ಹಚ್ಚಿದ್ದೇನೆ, ಪರವಾಗಿಲ್ಲ' ಎಂಬ ಧೈರ್ಯದಲ್ಲಿ ಜನ ಹೆಚ್ಚು ಹೊತ್ತು ಹೊರಗಿದ್ದು ಅಪಾಯ ತಂದುಕೊಳ್ಳುತ್ತಾರೆ. ಮುಖಕ್ಕೆ ಮಂಕಿ ಕ್ಯಾಪೇ ಮದ್ದು. ಹೆಲ್ಮೆಟ್ ಇದ್ದರೆ ಅದರೊಳಗೆ ಕೂರುವ ತೆಳು ಲೈನರ್ ಹಾಕಿಕೊಳ್ಳಿ. ದಪ್ಪ ಟೋಪಿಯ ಮೇಲೆ ಹೆಲ್ಮೆಟ್ ಏರಿಸಿದರೆ ಅದು ತಲೆಯ ಮೇಲೆ ನಿಲ್ಲುವುದಿಲ್ಲ. ಬಿಸಿಲಿದ್ದರೆ ತಂಪು ಕನ್ನಡಕವೂ ಬೇಕು. ಹೊಸ ಹಿಮದ ಮೇಲಿಂದ ನೇರಳಾತೀತ ಕಿರಣಗಳ ಬಹುಪಾಲು ವಾಪಸ್ ಕಣ್ಣಿಗೇ ಬರುತ್ತದೆ.

ಹೆಜ್ಜೆ 5: ಹೊಟ್ಟೆಗೆ

ಮೈ ಬಿಸಿ ಇಡಲು ಉರುವಲು ಬೇಕು. ಖಾಲಿ ಹೊಟ್ಟೆಯಲ್ಲಿ ನಡುಕ ಕೂಡ ಸರಿಯಾಗಿ ಬರುವುದಿಲ್ಲ. ಬೆಳಿಗ್ಗೆ ಒಂದು ಕಾಫಿ ಕುಡಿದು ಓಡುವ ಅಭ್ಯಾಸ ಬಿಡಿ. ಉಪ್ಪಿಟ್ಟು, ರಾಗಿ ಗಂಜಿ, ಎರಡು ಚಪಾತಿ, ಯಾವುದಾದರೂ ಸರಿ. ಅಗಲ ಬಾಯಿಯ ಥರ್ಮಾಸಿನಲ್ಲಿ ಬಿಸಿ ಸಾರನ್ನ, ಜೇಬಲ್ಲಿ ಕಡಲೆಬೀಜದ ಚಿಕ್ಕಿ. ಚಿಕ್ಕಿ ಈ ಕೆಲಸಕ್ಕೇ ಹುಟ್ಟಿದಂತಿದೆ. ಗವಸು ಹಾಕಿಕೊಂಡೇ ತಿನ್ನಬಹುದು, ಎಷ್ಟು ಚಳಿಯಾದರೂ ಕೆಡುವುದಿಲ್ಲ.

ಸಂಕಷ್ಟಿ, ಏಕಾದಶಿ ಅಂತ ಉಪವಾಸ ಮಾಡುವವರು ದಯವಿಟ್ಟು ಒಂದು ಯೋಚನೆ ಮಾಡಿ. ಮೈನಸ್ 25ರಲ್ಲಿ ಎಂಟು ಗಂಟೆ ಹೊರಗಿರುವ ದಿನ ನಿಟ್ಟುಪವಾಸ ಬೇಡ. ಹಾಲು, ಹಣ್ಣು, ಅವಲಕ್ಕಿ ಏನಾದರೂ ತಗೊಳ್ಳಿ, ಇಲ್ಲವೇ ಅವತ್ತು ಒಳಗಿನ ಕೆಲಸ ಕೇಳಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಇನ್ನೂ ಮುಖ್ಯ. ಕಾಲಿನ ಸ್ಪರ್ಶ ಮೊದಲೇ ಕಡಿಮೆ ಇದ್ದರೆ ಮರಗಟ್ಟಿದ್ದು ತಿಳಿಯುವುದೇ ಇಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಹೊರಗಿನ ಕೆಲಸ ಹಿಡಿಯುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಚಳಿಯಲ್ಲಿ ಭಾರದ ಹಿಮ ತೋಡುವಾಗ ರಕ್ತದೊತ್ತಡ ಏರಿ ಹೃದಯಾಘಾತ ಆಗುವುದು ಇಲ್ಲಿ ಪ್ರತಿ ವರ್ಷ ಕೇಳಿಬರುವ ಸುದ್ದಿ.

ನೀರು ಮರೆಯಬೇಡಿ. ಒಣ ಗಾಳಿಯಲ್ಲಿ ಉಸಿರಿನ ಜೊತೆ ನೀರು ಹೋಗುತ್ತಲೇ ಇರುತ್ತದೆ, ಬಾಯಾರಿಕೆ ಮಾತ್ರ ಆಗುವುದಿಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ಇಡಿ. ಹೆಪ್ಪುಗಟ್ಟುವುದು ಮೇಲಿಂದ, ಆಗ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಮದ್ಯ ಖಂಡಿತ ಬೇಡ. ಕುಡಿದಾಗ ಬೆಚ್ಚಗೆ ಅನ್ನಿಸುವುದು ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದದ್ದರಿಂದ. ಆ ಶಾಖ ಅಲ್ಲಿಂದ ಸೀದಾ ಗಾಳಿಗೆ ಹೋಗುತ್ತದೆ. ಸಿಗರೇಟು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹೆಜ್ಜೆ 6: ಕೆಲಸದ ಜಾಗದಲ್ಲಿ

ಬರಿಗೈಯಲ್ಲಿ ಕಬ್ಬಿಣ ಮುಟ್ಟಬೇಡಿ. ಒದ್ದೆ ಬೆರಳು ತಣ್ಣನೆಯ ಪೈಪಿಗೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ. ಮೊಳೆಯನ್ನು ತುಟಿಯ ನಡುವೆ ಹಿಡಿದುಕೊಳ್ಳುವ ಬಡಗಿಗಳ ಅಭ್ಯಾಸ ಇಲ್ಲಿ ಬೇಡ. ಪೆಟ್ರೋಲ್ ತುಂಬಿಸುವಾಗ ಇನ್ನೂ ಹುಷಾರಾಗಿರಿ. ಅದು ಮೈನಸ್ 30ರಲ್ಲೂ ಗಟ್ಟಿಯಾಗುವುದಿಲ್ಲ. ಕೈಮೇಲೆ ಚೆಲ್ಲಿದರೆ ಅಷ್ಟೇ ತಣ್ಣಗಿರುತ್ತದೆ, ಮೇಲಿಂದ ಆವಿಯಾಗುತ್ತ ಮತ್ತಷ್ಟು ಶಾಖ ಎಳೆಯುತ್ತದೆ. ತಕ್ಷಣವೇ ಫ್ರಾಸ್ಟ್‌ಬೈಟ್ ಆಗಬಹುದು.

ಗಾಳಿಗೆ ಅಂತ ಟಾರ್ಪಾಲು ಕಟ್ಟಿ ಒಳಗೆ ಪ್ರೊಪೇನ್ ಹೀಟರ್ ಉರಿಸುವುದು ಎಲ್ಲ ಕಡೆ ಇದೆ. ಗಾಳಿಯಾಡಲು ಜಾಗ ಬಿಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಡೇರೆಯೊಳಗೆ ಇಬ್ಬರಿಗೆ ಒಟ್ಟಿಗೆ ತಲೆನೋವು, ಹೊಟ್ಟೆ ತೊಳಸುವುದು ಬಂದರೆ ಮೊದಲು ಹೊರಗೆ ಓಡಿ, ಆಮೇಲೆ ಕಾರಣ ಹುಡುಕಿ. ಕಾರಿನಲ್ಲಿ ಹೀಟರ್ ಹಾಕಿ ಕೂರುವವರೂ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿದೆಯಾ ಅಂತ ನೋಡಿ.

ಇನ್ನು ಗಾಳಿಯ ತಳ್ಳಾಟ. ಪ್ಲೈವುಡ್ ಹಲಗೆ ಎತ್ತಿಕೊಂಡು ಮೂಲೆ ತಿರುಗುವಾಗ ಗಾಳಿ ಹಲಗೆಯ ಜೊತೆ ನಿಮ್ಮನ್ನೂ ತಿರುಗಿಸುತ್ತದೆ. ದೊಡ್ಡ ಹಲಗೆಯನ್ನು ಇಬ್ಬರು ಹಿಡಿಯಿರಿ. ಜೋರು ಗಾಳಿಯಲ್ಲಿ ಏಣಿ, ಸ್ಕ್ಯಾಫೋಲ್ಡಿಂಗ್ ಹತ್ತಬೇಡಿ. ಕೆಳಗೆ ಮಂಜುಗಡ್ಡೆ ಇದ್ದರೆ ಪುಟ್ಟ ಹೆಜ್ಜೆ, ಜೇಬಿನಿಂದ ಕೈ ಹೊರಗೆ. ಫೋನನ್ನು ಒಳಜೇಬಲ್ಲಿ, ಮೈಗೆ ತಾಗುವಂತೆ ಇಡಿ. ಚಳಿಗೆ ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುತ್ತದೆ.

ಹೆಜ್ಜೆ 7: ಒಬ್ಬರನ್ನೊಬ್ಬರು ನೋಡಿಕೊಳ್ಳಿ

ನಿಮ್ಮ ಕೆನ್ನೆ ನಿಮಗೆ ಕಾಣುವುದಿಲ್ಲ. ನಿಮ್ಮ ಮಂಕು ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಜೊತೆಯವರಿಗೆ ಬೆಳಿಗ್ಗೆಯೇ ಹೇಳಿಡಿ: 'ನನ್ನ ಮುಖ ನೋಡ್ತಾ ಇರು, ನಾನು ನಿನ್ನದು ನೋಡ್ತೀನಿ.'

ಫ್ರಾಸ್ಟ್‌ಬೈಟ್‌ನ ಗುರುತು ಅಂತ ಪೋಸ್ಟರ್‌ಗಳಲ್ಲಿ ಕೆಂಪಾದ, ಆಮೇಲೆ ಬೆಳ್ಳಗಾದ ಚರ್ಮ ತೋರಿಸುತ್ತಾರೆ. ಅದು ಬಿಳಿ ಚರ್ಮದವರ ಚಿತ್ರ. ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ. ಬೂದಿ ಬಳಿದ ಹಾಗೆ ಮಾಸಲು ಆಗುವುದು, ಮೇಣದಂಥ ಹೊಳಪು, ಮುಟ್ಟಿದರೆ ಗಟ್ಟಿ ಅನ್ನಿಸುವುದು, ಇವನ್ನು ನೋಡಿ. ಬಣ್ಣಕ್ಕಿಂತ ಸ್ಪರ್ಶವನ್ನು ಹೆಚ್ಚು ನಂಬಿ. ಮೊದಲು ಚುಚ್ಚಿದಂತೆ ನೋವು, ಆಮೇಲೆ ಜೋಮು, ಕೊನೆಗೆ ಏನೂ ಇಲ್ಲ. ನೋವು ನಿಂತಿತು ಅಂತ ಸಮಾಧಾನ ಪಡಬೇಡಿ. ನೋವು ನಿಂತದ್ದೇ ಅಪಾಯದ ಗಂಟೆ.

ಹೈಪೋಥರ್ಮಿಯಾ ಅಂದರೆ ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗೆ ಇಳಿಯುವುದು. ಮಾತು ತೊದಲುತ್ತದೆ. ಕೈಯಿಂದ ಸಾಮಾನು ಜಾರುತ್ತದೆ. ನಡೆಯುವಾಗ ಎಡವುತ್ತಾರೆ. ಸುಮ್ನೆ ಸುಮ್ನೆ ಸಿಡುಕುತ್ತಾರೆ. ಯಾವಾಗಲೂ ನಗುನಗುತ್ತ ಇರುವ ಹುಡುಗ ಮೂಲೆಯಲ್ಲಿ ಮಾತಿಲ್ಲದೆ ನಿಂತಿದ್ದರೆ ಹತ್ತಿರ ಹೋಗಿ ಮಾತಾಡಿಸಿ. ಒಂದು ಚಿಕ್ಕ ಪರೀಕ್ಷೆ ಇದೆ: ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಲು ಹೇಳಿ. ಆಗದಿದ್ದರೆ ಆಗಲೇ ಒಳಗೆ ಕರೆದುಕೊಂಡು ಹೋಗಿ. 'ನಾನು ಚೆನ್ನಾಗೇ ಇದ್ದೀನಿ' ಅಂದರೆ ಕೇಳಬೇಡಿ. ಗಡಗಡ ನಡುಗುತ್ತಿದ್ದವರ ನಡುಕ, ಮೈ ಬೆಚ್ಚಗಾಗದೆಯೇ ನಿಂತುಹೋದರೆ ಅದು ಪ್ರಾಣಕ್ಕೆ ಬಂದ ಹೊತ್ತು.

ಹೆಜ್ಜೆ 8: ಆಗಿಹೋದರೆ

ಯಾರಾದರೂ ಮಂಕಾದರೆ ಮೊದಲು ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಗಾಳಿಯಿಂದ ಮರೆಗೆ, ಆಗುವುದಾದರೆ ಒಳಗೆ ಒಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ, ತಲೆಯನ್ನೂ ಮುಚ್ಚಿ. ನೆಲದ ಮೇಲೆ ಮಲಗಿಸಿದರೆ ಕೆಳಗೂ ಕಂಬಳಿ ಹಾಕಿ. ಎದೆ, ಕಂಕುಳ ಹತ್ತಿರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಬಹುದು. ಕೈಕಾಲು ತಿಕ್ಕಬೇಡಿ. ಸರಿಯಾಗಿ ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ಮಾತ್ರ ಬೆಚ್ಚಗಿನ ಸಿಹಿ ಹಾಲೋ ಚಹಾವೋ ಕೊಡಿ. ಎಚ್ಚರ ತಪ್ಪಿದವರನ್ನು ಮೆಲ್ಲಗೆ, ಮಲಗಿಸಿದ ಹಾಗೇ ಸಾಗಿಸಿ. ಅಷ್ಟು ತಣ್ಣಗಾದ ಹೃದಯ ಸ್ವಲ್ಪ ಅಲುಗಾಟಕ್ಕೂ ಲಯ ತಪ್ಪಬಹುದು. ಉಸಿರು ಕಾಣದಿದ್ದರೂ ಸತ್ತರು ಅಂತ ಬಿಡಬೇಡಿ. ಫೋನಿನಲ್ಲಿ 911ನವರು ಹೇಳಿದಂತೆ ಎದೆ ಒತ್ತುತ್ತಿರಿ. ತುಂಬ ತಣ್ಣಗಾದವರು ಬಹಳ ಹೊತ್ತಿನ ಮೇಲೆ ಬದುಕಿ ಬಂದದ್ದಿದೆ.

ಫ್ರಾಸ್ಟ್‌ಬೈಟ್ ಆದ ಬೆರಳನ್ನು ತಿಕ್ಕಬಾರದು. ಹಿಮದಿಂದ ತಿಕ್ಕುವುದು ಇನ್ನೂ ಕೆಟ್ಟದ್ದು. ಹೀಟರ್, ಬೆಂಕಿ, ಹೇರ್ ಡ್ರೈಯರ್ ಹತ್ತಿರ ಹಿಡಿಯಬೇಡಿ, ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಉಂಗುರ ತೆಗೆಯಿರಿ. ಆಸ್ಪತ್ರೆ ಹತ್ತಿರವಿದ್ದರೆ ಒಣ ಬಟ್ಟೆ ಸಡಿಲವಾಗಿ ಸುತ್ತಿ ಅಲ್ಲಿಗೇ ಹೊರಡಿ. ದೂರವಿದ್ದು, ಮತ್ತೆ ಚಳಿಗೆ ಹೋಗುವ ಪ್ರಸಂಗ ಇಲ್ಲದಿದ್ದರೆ ಮಾತ್ರ 37ರಿಂದ 39 ಡಿಗ್ರಿಯ ನೀರಿನಲ್ಲಿ ಸುಮಾರು ಅರ್ಧ ಗಂಟೆ ಅದ್ದಿಡಿ. ನೀರಿನ ಬಿಸಿಯನ್ನು ಬೇರೆಯವರು ಮೊಣಕೈ ಅದ್ದಿ ನೋಡಲಿ. ನೋವು ಜೋರಾಗಿಯೇ ಬರುತ್ತದೆ. ಒಮ್ಮೆ ಕರಗಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾನಿ. ಅಂಥ ಸಂಭವ ಇದ್ದರೆ ಕರಗಿಸಲೇಬೇಡಿ. ಗುಳ್ಳೆ ಒಡೆಯಬೇಡಿ. 'ನಾಳೆ ನೋಡೋಣ' ಅನ್ನಬೇಡಿ. ರಕ್ತದ ಹೆಪ್ಪು ಕರಗಿಸುವ, ರಕ್ತನಾಳ ಅಗಲಿಸುವ ಔಷಧಗಳು ಬೆರಳನ್ನು ಉಳಿಸಬಲ್ಲವು, ಆದರೆ ಅವುಗಳ ಸಮಯ ಗಂಟೆಗಳ ಲೆಕ್ಕದಲ್ಲಿದೆ.

ಹೆಜ್ಜೆ 9: ಮನೆಗೆ ಬಂದ ಮೇಲೆ

ಜೋಮು ಹಿಡಿದ ಕಾಲನ್ನು ಸೀದಾ ಬಿಸಿನೀರಿಗೆ ಇಡಬೇಡಿ. ಮೊದಲು ಒಣ ಕಾಲುಚೀಲ ಹಾಕಿ ಕೂತು ಸ್ಪರ್ಶ ಬರುವವರೆಗೆ ಕಾಯಿರಿ, ಆಮೇಲೆ ಸ್ನಾನ. ಬೂಟಿನ ಒಳಪದರ ಹೊರತೆಗೆದು ಒಣಗಲು ಹಾಕಿ. ಬೆಳಿಗ್ಗೆಗೆ ಸ್ವಲ್ಪ ತೇವ ಉಳಿದಿದ್ದರೂ ಅವತ್ತು ಇನ್ನೊಂದು ಜೊತೆ ಹಾಕಿ. ಮಲಗುವ ಮೊದಲು ಬೆಳಕಲ್ಲಿ ಕಾಲ್ಬೆರಳು, ಕಿವಿಯ ಅಂಚು ನೋಡಿಕೊಳ್ಳಿ. ಬೆರಳು ಊದಿ ತುರಿಕೆ ಬರುತ್ತಿದ್ದರೆ, ಮಾಸಲು ಕಲೆ ಉಳಿದಿದ್ದರೆ, ಒಂದು ಕಡೆ ಸ್ಪರ್ಶ ವಾಪಸ್ ಬಂದಿಲ್ಲದಿದ್ದರೆ ಅವತ್ತೇ ಕ್ಲಿನಿಕ್‌ಗೆ ಹೋಗಿ, ಮರುದಿನ ಸೂಪರ್‌ವೈಸರ್‌ಗೂ ತಿಳಿಸಿ ಬರವಣಿಗೆಯಲ್ಲಿ ದಾಖಲು ಮಾಡಿಸಿ. ಒಮ್ಮೆ ಫ್ರಾಸ್ಟ್‌ಬೈಟ್ ಆದ ಜಾಗಕ್ಕೆ ಮುಂದಿನ ಚಳಿಗಾಲಗಳಲ್ಲೂ ಬೇಗ ಚಳಿ ತಾಗುತ್ತದೆ. ಆ ಬೆರಳಿಗೆ ಒಂದು ಪದರ ಜಾಸ್ತಿ ಇರಲಿ.